ಕುದುರೆ ನಿಲ್ಲುವ ಜಾಗ

ಮೊದಲ ದಿನ, ಗುರುವಾರ: ಬಾಲ್ಟಿಮೋರ್

ಅಮೆರಿಕದ ದೊಡ್ಡ ನಗರಗಳ ನಟ್ಟನಡುವೆ ಕುದುರೆ ಸಾಕಿಕೊಂಡಿರುವ ಕಪ್ಪು ಜನರ ಕೇರಿಗಳನ್ನು ನೋಡಿಕೊಂಡು ಬರಬೇಕೆಂದು ನಾನು ಹೊರಟಾಗ, ಫಿಲಡೆಲ್ಫಿಯದ ಹೊರವಲಯದಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಫೋನಿನಲ್ಲೇ ನಕ್ಕುಬಿಟ್ಟ. "ಎಲ್ಲರೂ ನಯಾಗರ ನೋಡೋಕೆ ಬರ್ತಾರೆ ಮಾಮ, ನೀವು ಲದ್ದಿ ನೋಡೋಕೆ ಬರ್ತಿದ್ದೀರ" ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಮೈಸೂರಿನ ಜಟಕಾ ನಿಲ್ದಾಣವೊಂದರ ಹಿಂದಿನ ಓಣಿಯಲ್ಲಿ ಬೆಳೆದವನು. ಕುದುರೆ ಎಂದರೆ ನನಗೆ ನೆನಪಾಗುವುದು ದಸರಾ ಮೆರವಣಿಗೆಯ ಅಶ್ವದಳಕ್ಕಿಂತ ಹೆಚ್ಚಾಗಿ ಬೆಳಗಿನ ಜಾವದಲ್ಲಿ ಹುರುಳಿ ಬೇಯುವ ವಾಸನೆ, ಕಲ್ಲುಹಾಸಿನ ಮೇಲೆ ಲಾಳದ ಸದ್ದು, ಸಂಜೆ ಬಾಡಿಗೆ ಸಿಗದೆ ಹಿಂತಿರುಗುತ್ತಿದ್ದ ಸಾಬರ ಮೌನ. ಆ ಲಾಯಗಳಿದ್ದ ಕಡೆ ಈಗ ಮೂರಂತಸ್ತಿನ ವಾಣಿಜ್ಯ ಸಂಕೀರ್ಣವಿದೆ. ಕುದುರೆಗಳು ಎಲ್ಲಿ ಹೋದವೆಂದು ನಮ್ಮ ಓಣಿಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಬಾಲ್ಟಿಮೋರ್ ನಗರದ ನೈಋತ್ಯ ಭಾಗದಲ್ಲಿ, 1830ರ ದಶಕದಿಂದ ನಡೆದುಕೊಂಡು ಬಂದಿರುವ ಹಾಲಿನ್ಸ್ ಮಾರ್ಕೆಟ್ಟಿನ ಸುತ್ತ, ಒಂದಕ್ಕೊಂದು ಗೋಡೆ ಅಂಟಿಸಿಕೊಂಡು ನಿಂತ ಇಟ್ಟಿಗೆ ಮನೆಗಳ ಸಾಲುಗಳಿವೆ. ಪ್ರತಿ ಮನೆಯ ಮುಂದೆಯೂ ಮೂರು ನಾಲ್ಕು ಬಿಳಿ ಅಮೃತಶಿಲೆಯ ಮೆಟ್ಟಿಲು. ಮನೆ ಪಾಳು ಬಿದ್ದು ಕಿಟಕಿಗೆ ಹಲಗೆ ಹೊಡೆದಿದ್ದರೂ ಮೆಟ್ಟಿಲು ಮಾತ್ರ ಹಾಗೇ ಉಳಿದಿರುತ್ತದೆ. ಈ ಸಾಲುಗಳ ಹಿಂದೆ, ಒಂದು ಕಾರು ಕಷ್ಟಪಟ್ಟು ನುಸುಳಬಹುದಾದ ಕಾರ್ಲ್‌ಟನ್ ಸ್ಟ್ರೀಟ್ ಎಂಬ ಓಣಿಯಲ್ಲಿ, ಏರಬ್ಬರ್‌ಗಳ ಲಾಯವಿದೆ. ಕುದುರೆಗಾಡಿಯಲ್ಲಿ ಹಣ್ಣು ತರಕಾರಿ ತುಂಬಿಕೊಂಡು ಬೀದಿ ಬೀದಿ ಸುತ್ತಿ ಮಾರುವವರನ್ನು ಇಲ್ಲಿ ಏರಬ್ಬರ್ ಎನ್ನುತ್ತಾರೆ. ಅರಬ್ ದೇಶಕ್ಕೂ ಇವರಿಗೂ ಏನೂ ಸಂಬಂಧವಿಲ್ಲ. ಬೀದಿಯಲ್ಲಿ ಅಲೆಯುವ ಹುಡುಗರನ್ನು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ 'ಸ್ಟ್ರೀಟ್ ಅರಬ್' ಎಂದು ಹೀಯಾಳಿಸುತ್ತಿದ್ದರು. ಆ ಬೈಗುಳ ಸಮುದ್ರ ದಾಟಿ ಬಂದು ಒಂದು ಕಸುಬಿನ ಹೆಸರಾಯಿತು. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ, ಬೇರೆ ಕೆಲಸಗಳ ಬಾಗಿಲು ಮುಚ್ಚಿದ್ದ ಕಪ್ಪು ಗಂಡಸರಿಗೆ ಒಂದು ಗಾಡಿ, ಒಂದು ಕುದುರೆ, ಒಂದು ಗಟ್ಟಿ ಗಂಟಲು ಇದ್ದರೆ ಯಾರ ಕೈಕೆಳಗೂ ದುಡಿಯದೆ ಬದುಕಬಹುದಾದ ದಾರಿಗಳಲ್ಲಿ ಇದೂ ಒಂದಾಗಿತ್ತು.

ನಾನು ತಲುಪಿದ ಹೊತ್ತಿಗೆ ಗಾಡಿ ಕಟ್ಟುತ್ತಿದ್ದರು. ಕೆಂಪು ಹಳದಿ ಬಣ್ಣ ಬಳಿದ ಮರದ ಗಾಡಿ, ಮೇಲೆ ಬಟ್ಟೆಯ ಚಾವಣಿ, ಇಳಿಜಾರು ಹಲಗೆಯ ಮೇಲೆ ಸೇಬು, ದ್ರಾಕ್ಷಿ, ಗೆಣಸು, ಅಗಲ ಎಲೆಯ ಸೊಪ್ಪಿನ ಕಟ್ಟುಗಳು. ಕುದುರೆಯ ಕೊರಳಪಟ್ಟಿಯ ಉದ್ದಕ್ಕೂ ಗೆಜ್ಜೆ, ಹಣೆಯ ಮೇಲೆ ಒಂದು ಕುಚ್ಚು. ಗಾಡಿಯವನು ಮೇಲೆ ಹತ್ತಿ ಕೂರದೆ ಲಗಾಮು ಹಿಡಿದು ಕುದುರೆಯ ಜೊತೆಗೇ ನಡೆಯುತ್ತಾನೆ. ಓಣಿ ದಾಟಿ ದೊಡ್ಡ ರಸ್ತೆಗೆ ಬಂದ ಮೇಲೆ ಅವನು ಕೂಗಿದ. ಆ ಕೂಗನ್ನು ಅಕ್ಷರದಲ್ಲಿ ಬರೆಯಲಾರೆ. ಹಣ್ಣಿನ ಹೆಸರು ಅದರೊಳಗೆ ಕರಗಿಹೋಗಿ, ಕೊನೆಯ ಸ್ವರ ಮಾತ್ರ ಮನೆಗಳ ಸಾಲಿಗೆ ಬಡಿದು ಹಿಂತಿರುಗುತ್ತಿತ್ತು. ನಮ್ಮ ಸೊಪ್ಪಿನವ್ವನ ಕೂಗಿನಲ್ಲೂ ದಂಟು ಯಾವುದು, ಮೆಂತ್ಯ ಯಾವುದು ಎಂದು ಬಿಡಿಸಿ ಕೇಳುವುದಕ್ಕೆ ಅಭ್ಯಾಸ ಬೇಕು. ಇಲ್ಲಿಯ ಕಿವಿಗಳಿಗೂ ಆ ಅಭ್ಯಾಸವಿದೆ. ಮೂರನೆಯ ಮನೆಯ ಬಾಗಿಲು ತೆರೆದು ಒಬ್ಬ ಅಜ್ಜಿ ಮೆಟ್ಟಿಲ ಮೇಲೆ ಕುಳಿತರು. ಗಾಡಿಯೇ ಅವರ ಬಳಿಗೆ ಹೋಯಿತು. ಅವರು ದ್ರಾಕ್ಷಿಯನ್ನು ತಿಂದು ನೋಡಿ, ಹುಳಿ ಎಂದು ಮುಖ ಸಿಂಡರಿಸಿ, ಸೊಪ್ಪು ಮಾತ್ರ ಕೊಂಡರು. ಒಳ್ಳೆಯ ತರಕಾರಿ ಅಂಗಡಿ ನಡೆದು ಹೋಗುವ ದೂರದಲ್ಲಿಲ್ಲದ ಈ ಬೀದಿಗಳಲ್ಲಿ ಪ್ರವಾಸಿಗರ ಫೋಟೊಗೆ ಸಿಗುವ ಈ ಬಣ್ಣದ ಗಾಡಿ ಮೊದಲಿಗೆ ಒಂದು ಅಂಗಡಿ ಎಂಬುದು ಆ ಮುಖ ನೋಡಿದಾಗ ನನಗೆ ತಿಳಿಯಿತು.

ಎರಡನೆಯ ದಿನ, ಶುಕ್ರವಾರ: ಬಾಲ್ಟಿಮೋರಿನಿಂದ ಫಿಲಡೆಲ್ಫಿಯಕ್ಕೆ

ಬೆಳಿಗ್ಗೆ ರಿಟ್ರೀಟ್ ಸ್ಟ್ರೀಟ್‌ಗೆ ಹೋಗಿದ್ದೆ. ನೋಡಲು ಅಲ್ಲಿ ಏನೂ ಇಲ್ಲ; ಅದೇ ಕಾರಣಕ್ಕೆ ಹೋಗಿದ್ದು. ಅಲ್ಲಿದ್ದ ಹಳೆಯ ಲಾಯವನ್ನು 2007ರಲ್ಲಿ ಕಟ್ಟಡ ಸುರಕ್ಷಿತವಲ್ಲವೆಂದು ಮುಚ್ಚಿಸಲಾಯಿತು, ಕುದುರೆಗಳು ಕೊನೆಗೆ ಒಂದು ಸೇತುವೆಯ ಕೆಳಗೆ ಹಾಕಿದ ಡೇರೆಗಳಲ್ಲಿ ನಿಲ್ಲಬೇಕಾಯಿತು. ಏರಬ್ಬರ್ ಸಂರಕ್ಷಣಾ ಸಂಘವೊಂದು 1994ರಿಂದಲೂ ಈ ಲಾಯಗಳ ಪರವಾಗಿ ನಿಂತಿದೆ. ಕಾನೂನು ವ್ಯಾಪಾರವನ್ನು ನಿಷೇಧಿಸಬೇಕಾದ ಅಗತ್ಯವೇ ಬೀಳುವುದಿಲ್ಲ, ಲಾಯದ ಗೋಡೆಯನ್ನು ಅಳೆದರೆ ಸಾಕು. ಗೋಡೆ ವಾಲಿದ್ದು ನಿಜವಿರಬಹುದು, ಅದನ್ನು ಅಳೆದ ಅಧಿಕಾರಿ ಪ್ರಾಮಾಣಿಕನೇ ಇರಬಹುದು. ಆದರೆ ಅಳೆದು ಮುಗಿಸಿದ ಮೇಲೆ ಆ ಕುದುರೆಗಳಿಗೆ ಬೇರೆ ಎಲ್ಲಿ ಜಾಗ ಎಂಬುದು ಯಾವ ಅರ್ಜಿಯ ನಮೂನೆಯಲ್ಲೂ ಇರುವುದಿಲ್ಲ.

ಜಾಗದ ವಿಷಯದಲ್ಲಿ ಈ ನಗರಕ್ಕೆ ಒಂದು ಇತಿಹಾಸವಿದೆ. ಕಪ್ಪು ಜನ ಹೆಚ್ಚಾಗಿರುವ ಬೀದಿಗೆ ಬಿಳಿಯರು, ಬಿಳಿಯರು ಹೆಚ್ಚಾಗಿರುವ ಬೀದಿಗೆ ಕಪ್ಪು ಜನ ವಾಸಕ್ಕೆ ಬರಬಾರದೆಂದು ಅಮೆರಿಕದಲ್ಲಿ ಮೊತ್ತಮೊದಲು ಕಾನೂನು ಮಾಡಿದ ನಗರ ಬಾಲ್ಟಿಮೋರ್, ಅದು 1910ರಲ್ಲಿ. ಇಂಥ ಕಾನೂನುಗಳು ಸಲ್ಲವೆಂದು 1917ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆದರೆ ಕಾನೂನು ಹೋದ ಮೇಲೆ ಮನೆಯ ಕ್ರಯಪತ್ರದಲ್ಲೇ ನಿಬಂಧನೆ ಬರೆಯುವ ಪದ್ಧತಿ ಮುಂದುವರಿಯಿತು, ಅದರ ಜೊತೆಗೆ ಸಾಲ ಕೊಡಬಾರದ ಕೇರಿಗಳನ್ನು ನಕ್ಷೆಯಲ್ಲಿ ಕೆಂಪಾಗಿ ಬಳಿದು ತೋರಿಸುವ ಪದ್ಧತಿ 1930ರ ದಶಕದಲ್ಲಿ ಸೇರಿಕೊಂಡಿತು. ಹೀಗೆ ಸಾಲ ಸಿಗದೆ, ದುರಸ್ತಿ ಕಾಣದೆ, ಬೆಲೆ ಬಿದ್ದುಹೋದ ಕೇರಿಗಳಲ್ಲೇ ಹಳೆಯ ಲಾಯಗಳು ಉಳಿದವು. ಬೇರೆಯವರಿಗೆ ಬೇಡವಾದ ಜಾಗ ಕುದುರೆಗೆ ದಕ್ಕಿತ್ತು. ಬೇಡಿಕೆ ಬಂದ ದಿನ ಕುದುರೆ ಖಾಲಿ ಮಾಡಬೇಕು, ಅಷ್ಟೆ.

ಮಧ್ಯಾಹ್ನದ ರೈಲಿನಲ್ಲಿ ಉತ್ತರಕ್ಕೆ ಹೊರಟೆ. ಸಸ್ಕ್ವೆಹಾನಾ ನದಿ ದಾಟುವಾಗ ಪಕ್ಕದಲ್ಲಿ ಕುಳಿತಿದ್ದ ಬಿಳಿಯ ಮಹನೀಯರೊಬ್ಬರು ನನ್ನ ಪ್ರಯಾಣದ ಉದ್ದೇಶ ಕೇಳಿ, "ಕಪ್ಪು ಜನಕ್ಕೂ ಕುದುರೆಗೂ ಏನು ನಂಟು?" ಎಂದು ನಿಜವಾದ ಕುತೂಹಲದಿಂದಲೇ ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. 1875ರಲ್ಲಿ ಮೊದಲ ಕೆಂಟಕಿ ಡರ್ಬಿ ನಡೆದಾಗ ಓಡಿದ 15 ಕುದುರೆಗಳಲ್ಲಿ 13ನ್ನು ಏರಿದ್ದವರು ಕಪ್ಪು ಜಾಕಿಗಳು. ಗೆದ್ದ ಅರಿಸ್ಟೈಡಿಸ್ ಎಂಬ ಕುದುರೆಯ ಸವಾರ ಆಲಿವರ್ ಲೂಯಿಸ್; ಅದನ್ನು ಪಳಗಿಸಿದ ಆನ್ಸೆಲ್ ವಿಲಿಯಮ್ಸನ್ ಗುಲಾಮರಾಗಿ ಹುಟ್ಟಿದವರು. ಐಸಾಕ್ ಮರ್ಫಿ ಅದೇ ಡರ್ಬಿಯನ್ನು ಮೂರು ಸಲ ಗೆದ್ದರು. 1902ರಲ್ಲಿ ಜಿಮ್ಮಿ ವಿಂಕ್‌ಫೀಲ್ಡ್ ಗೆದ್ದದ್ದೇ ಕೊನೆ, ಆಮೇಲೆ ಕಪ್ಪು ಜಾಕಿಗಳನ್ನು ಆ ಮೈದಾನದಿಂದ ಹಂತ ಹಂತವಾಗಿ ಹೊರದಬ್ಬಲಾಯಿತು. ಪಶ್ಚಿಮದ ಹುಲ್ಲುಗಾವಲುಗಳಲ್ಲಿ ದನ ಅಟ್ಟುತ್ತಿದ್ದ ಕೌಬಾಯ್‌ಗಳಲ್ಲಿ ನಾಲ್ವರಲ್ಲಿ ಒಬ್ಬರು ಕಪ್ಪು ಜನ ಎಂಬುದು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುವ ಅಂದಾಜು. ಆ ಮಹನೀಯರು ತಲೆದೂಗಿ, ತಾವು ನೋಡಿದ ಯಾವ ಸಿನಿಮಾದಲ್ಲೂ ಹಾಗಿರಲಿಲ್ಲವೆಂದರು. ಸಿನಿಮಾ ತೆಗೆದವರಿಗೆ ಆ ನಾಲ್ಕನೆಯವನು ಕಾಣಿಸಿರಲಿಲ್ಲ.

ಮೂರನೆಯ ದಿನ, ಶನಿವಾರ: ಫ್ಲೆಚರ್ ಸ್ಟ್ರೀಟ್

ಅಕ್ಕನ ಮಗ ರಾತ್ರಿಯೇ ಕಾರು ತಂದಿದ್ದ. ಉತ್ತರ ಫಿಲಡೆಲ್ಫಿಯದ ಸ್ಟ್ರಾಬೆರಿ ಮ್ಯಾನ್ಶನ್ ಎಂಬ ಬಡಾವಣೆಗೆ ಹೋಗಬೇಕೆಂದಾಗ ಅವನ ಮುಖ ಸ್ವಲ್ಪ ಬಿಗಿಯಿತು; ಎಂಟು ವರ್ಷದಿಂದ ಇಲ್ಲಿದ್ದರೂ ಅತ್ತ ಹೋದವನಲ್ಲ. "ಆ ಕಡೆ ಯಾರೂ ಹೋಗಲ್ಲ ಮಾಮ" ಎಂದ. ಅಲ್ಲಿ ಇರುವವರೂ ಯಾರೋ ಇರಬೇಕಲ್ಲ ಎಂದೆ. ನಮ್ಮವರು ಪರದೇಶಕ್ಕೆ ಬಂದು ಆರು ತಿಂಗಳಲ್ಲಿ ಕಲಿಯುವ ಮೊದಲ ಭೂಗೋಳ ಪಾಠ, ಯಾವ ಕೇರಿಗೆ ಹೋಗಬಾರದು ಎಂಬುದು. ಅದನ್ನು ಯಾರಿಂದ ಕಲಿತೆವೆಂದು ನಾವು ವಿಚಾರಿಸುವುದಿಲ್ಲ.

33ನೇ ಬೀದಿಯ ಒಂದು ಬದಿಗೆ ಫೇರ್‌ಮೌಂಟ್ ಪಾರ್ಕಿನ ದಟ್ಟ ಮರಗಳು, ಇನ್ನೊಂದು ಬದಿಗೆ ಹಳೆಯ ಎತ್ತರದ ಮನೆಗಳು. 1952ರಲ್ಲಿ ಜಾಝ್ ವಾದಕ ಜಾನ್ ಕೋಲ್‌ಟ್ರೇನ್ ಕೊಂಡಿದ್ದ ಮನೆಯೂ ಇದೇ ಸಾಲಿನಲ್ಲಿದೆ. ಅಲ್ಲಿಂದ ಒಳಗೆ ತಿರುಗಿದರೆ ಖಾಲಿ ನಿವೇಶನಗಳು ಬಾಯಲ್ಲಿ ಉದುರಿದ ಹಲ್ಲಿನ ಹಾಗೆ ಮನೆಗಳ ನಡುವೆ ಕಾಣಿಸುತ್ತವೆ. 1950ರಲ್ಲಿ 20 ಲಕ್ಷ ದಾಟಿದ್ದ ಫಿಲಡೆಲ್ಫಿಯದ ಜನಸಂಖ್ಯೆ 2000ದ ಹೊತ್ತಿಗೆ 15 ಲಕ್ಷದ ಆಸುಪಾಸಿಗೆ ಇಳಿದಿತ್ತು. ಕಾರ್ಖಾನೆಗಳು ಮುಚ್ಚಿದವು, ಅನುಕೂಲವಿದ್ದವರು ಹೊರವಲಯಕ್ಕೆ ಹೋದರು, ಉಳಿದವರ ನಡುವೆ ನೆಲ ಬರಿದಾಯಿತು. ಇದಕ್ಕೂ ಮೊದಲೇ ಆರಂಭವಾಗಿ, 1910ರಿಂದ 1970ರ ನಡುವೆ, ದಕ್ಷಿಣದ ರಾಜ್ಯಗಳಿಂದ ಸುಮಾರು 60 ಲಕ್ಷ ಕಪ್ಪು ಜನ ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ಗುಳೆ ಬಂದಿದ್ದರು. ಅವರಲ್ಲಿ ಹಳ್ಳಿಯಲ್ಲಿ ಹೇಸರಗತ್ತೆ, ಕುದುರೆಗಳೊಡನೆ ಬೆಳೆದವರು ಬಹಳ. ನಗರದಲ್ಲಿ ಹಾಲು, ಐಸು, ತರಕಾರಿ, ಗುಜರಿ ಸಾಗಿಸುವ ಗಾಡಿಗಳು ಓಡುತ್ತಿದ್ದ ಕಾಲದಲ್ಲಿ ಆ ಕೈಗಳಿಗೆ ಕೆಲಸ ಸಿಕ್ಕಿತು. ಟ್ರಕ್ಕುಗಳು ಬಂದು ಗಾಡಿಗಳ ಕಾಲ ಮುಗಿದ ಮೇಲೂ ಕುದುರೆಯನ್ನು ಬಿಡಲು ಮನಸ್ಸಾಗದವರು ಅದೇ ಲಾಯಗಳಲ್ಲಿ ಸವಾರಿಗೆಂದು ಸಾಕಿಕೊಂಡರು. ಫ್ಲೆಚರ್ ಸ್ಟ್ರೀಟಿನ ಪರಂಪರೆಯನ್ನು ನೂರು ವರ್ಷದಷ್ಟು ಹಿಂದಕ್ಕೆ ಎಣಿಸುತ್ತಾರೆ. ಎಲ್ಲಿಸ್ ಫೆರೆಲ್ ಅವರು ಇದಕ್ಕೆ 2004ರಲ್ಲಿ 'ಫ್ಲೆಚರ್ ಸ್ಟ್ರೀಟ್ ಅರ್ಬನ್ ರೈಡಿಂಗ್ ಕ್ಲಬ್' ಎಂಬ ಲಾಭರಹಿತ ಸಂಸ್ಥೆಯ ರೂಪ ಕೊಟ್ಟರು.

ಲಾಯ ಎಂದರೆ ದೊಡ್ಡ ಕಲ್ಪನೆ ಬೇಡ. ಇಟ್ಟಿಗೆ ಗೋಡೆ, ಅಲ್ಲಲ್ಲಿ ತೇಪೆ ಹಾಕಿದ ಹಲಗೆ, ತಗಡು, ಒಳಗೆ ಕಿರಿದಾದ ಅಂಕಣಗಳು. ಬಾಗಿಲಲ್ಲೇ ಒಣಹುಲ್ಲು, ಚರ್ಮ, ಉಚ್ಚೆ, ಲದ್ದಿ ಎಲ್ಲ ಬೆರೆತ ವಾಸನೆ ಎದೆಗೆ ಬಡಿಯಿತು, ನಲವತ್ತು ವರ್ಷ ಹಿಂದಿನ ಓಣಿ ಒಂದು ಕ್ಷಣ ಎದುರಿಗೆ ಬಂದು ನಿಂತಿತು. ಅಕ್ಕನ ಮಗ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ. ಸುಮಾರು ಹನ್ನೆರಡು ವರ್ಷದ ಹುಡುಗನೊಬ್ಬ, ತಲೆಗೆ ಬೇಸ್‌ಬಾಲ್ ಟೋಪಿ, ಕಾಲಿಗೆ ಅಳತೆ ಮೀರಿದ ರಬ್ಬರ್ ಬೂಟು, ಹಣೆಯ ಮೇಲೆ ಬಿಳಿ ನಾಮವಿದ್ದ ಕಂದು ಹೆಣ್ಣುಕುದುರೆಯ ಮುಂಗಾಲನ್ನು ತನ್ನ ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಗೊರಸು ಕೆರೆಯುತ್ತಿದ್ದ. ನಾನು ಬಗ್ಗಿ ನೋಡುತ್ತಿದ್ದುದನ್ನು ಕಂಡು ಕೊಕ್ಕೆಯನ್ನು ನನ್ನ ಕೈಗೇ ಕೊಟ್ಟ.

ಗೊರಸಿನ ಅಡಿಭಾಗದಲ್ಲಿ ಬಾಣದ ತುದಿಯಂಥ ಮೆತ್ತನೆಯ ಮಾಂಸಲ ತ್ರಿಕೋನವೊಂದಿರುತ್ತದೆ. ಅದರ ಎರಡು ಬದಿಯ ಸಂದಿಗಳಲ್ಲಿ ಮಣ್ಣು, ಲದ್ದಿ, ಸಣ್ಣ ಜಲ್ಲಿ ಸೇರಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ; ಹಾಗೆಯೇ ಬಿಟ್ಟರೆ ಒಳಗೆ ಕೊಳೆತು ಕುದುರೆ ಕುಂಟುತ್ತದೆ. ಹಿಮ್ಮಡಿಯ ಕಡೆಯಿಂದ ತುದಿಯ ಕಡೆಗೆ ಕೊಕ್ಕೆ ಎಳೆಯಬೇಕು, ತ್ರಿಕೋನಕ್ಕೆ ಮೊನೆ ತಾಗಬಾರದು. ನಾನು ತಿರುಗುಮುರುಗು ಎಳೆದೆ. ಹುಡುಗ ಮಾತಿಲ್ಲದೆ ನನ್ನ ಮಣಿಕಟ್ಟು ಹಿಡಿದು ತಿರುಗಿಸಿದ. ಸಂದಿಯಿಂದ ಒಂದು ಹೆಂಟೆ ಕಳಚಿ ಬಿತ್ತು, ಅದರೊಳಗೆ ಹಸಿರು ಗಾಜಿನ ಚೂರೊಂದು ಮಿಂಚಿತು. ಹುಡುಗ ಅದನ್ನು ಹೆಕ್ಕಿ ಕಿಟಕಿಯ ಮೇಲಿನ ಡಬ್ಬಿಗೆ ಹಾಕಿದ. ಡಬ್ಬಿಯಲ್ಲಿ ಆಗಲೇ ಅರ್ಧದಷ್ಟು ಗಾಜು, ಮೊಳೆ, ಬಾಟಲಿ ಮುಚ್ಚಳಗಳಿದ್ದವು. ಹಳ್ಳಿಯ ಕುದುರೆಯ ಗೊರಸಿನಲ್ಲಿ ಇಂಥ ಸಂಗ್ರಹ ಸಿಗುವುದಿಲ್ಲ.

ಒಂದು ಕುದುರೆ ಸಾಕುವುದೆಂದರೆ ದಿನಕ್ಕೆ 9–10 ಕಿಲೋ ಒಣಹುಲ್ಲು, ಬಕೆಟ್ಟುಗಟ್ಟಲೆ ನೀರು, ಆರೆಂಟು ವಾರಕ್ಕೊಮ್ಮೆ ಲಾಳ ಹೊಡೆಯುವವನ ಕೂಲಿ, ಮತ್ತು ದಿನಕ್ಕೆ ಸುಮಾರು 20 ಕಿಲೋ ಲದ್ದಿ ಎತ್ತಿ ಎಲ್ಲಿಗಾದರೂ ಸಾಗಿಸುವ ಜವಾಬ್ದಾರಿ. ಇಲ್ಲಿಗೆ ಬರುವ ಹುಡುಗರು ಮೊದಲು ಕಲಿಯುವುದು ಆ ಸಲಿಕೆಯ ಕೆಲಸ, ಸವಾರಿ ಆಮೇಲೆ. ಶಾಲೆ ಬಿಟ್ಟ ಮೇಲೆ ರಾತ್ರಿಯವರೆಗೆ ಬೀದಿಯ ಮೂಲೆಯಲ್ಲಿ ನಿಲ್ಲುವ ಬದಲು ಇಲ್ಲಿ ನಿಲ್ಲುತ್ತಾರೆಂಬುದು ಹಿರಿಯರ ಲೆಕ್ಕ. ಆ ಲೆಕ್ಕ ಎಷ್ಟು ಮಂದಿಗೆ ಕೂಡಿಬಂದಿದೆಯೆಂದು ನಾನು ಕೇಳಲಿಲ್ಲ. ಆದರೆ ತನಗಿಂತ ಹತ್ತು ಪಟ್ಟು ತೂಕದ ಪ್ರಾಣಿಯೊಂದು ತನ್ನ ಮಾತು ಕೇಳಿ ಕಾಲೆತ್ತಿ ಕೊಡುವುದನ್ನು ಆ ಹುಡುಗ ಎಷ್ಟು ಸಹಜವಾಗಿ ಸ್ವೀಕರಿಸಿದ್ದನೆಂಬುದನ್ನು ನೋಡಿದೆ.

ಅಂಕಣಗಳು ಇಕ್ಕಟ್ಟು, ಗಾಳಿ ಬೆಳಕು ಕಡಿಮೆ ಎಂಬ ದೂರು ಇಂಥ ಲಾಯಗಳ ಮೇಲೆ ಹಿಂದಿನಿಂದಲೂ ಇದೆ. ಅದನ್ನು ಕಣ್ಣಾರೆ ಕಂಡ ನಾನು ಸುಳ್ಳೆನ್ನಲಾರೆ. ಕುದುರೆಗೆ ಬಯಲು ಬೇಕು. ಲಾಯದ ಎದುರಿಗೆ ಬಹಳ ವರ್ಷ ಅಂಥದೊಂದು ಬಯಲೂ ಇತ್ತು. ಆ ಖಾಲಿ ಜಾಗದಲ್ಲಿ ಕುದುರೆಗಳನ್ನು ಅಡ್ಡಾಡಿಸುತ್ತಿದ್ದರು, ಮಕ್ಕಳಿಗೆ ಸವಾರಿ ಕಲಿಸುತ್ತಿದ್ದರು, ಹುಲ್ಲು ಕತ್ತರಿಸಿ ಕಸ ತೆಗೆದು ಇಟ್ಟುಕೊಂಡಿದ್ದರು. ಆದರೆ ಅದರ ಮೇಲೆ ಅವರ ಹೆಸರಿನ ಕಾಗದವಿರಲಿಲ್ಲ. ವೃದ್ಧರಿಗೆ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟುವ ಯೋಜನೆ ಅಲ್ಲಿಗೆ ಬಂದಾಗ, ಅದನ್ನು ವಿರೋಧಿಸುವುದು ಕೂಡ ಕಷ್ಟವಾಯಿತು. ಮನೆ ಬೇಕಾಗಿದ್ದ ವೃದ್ಧರೂ ಅದೇ ಕೇರಿಯವರು. ಲಾಯದ ಇಕ್ಕಟ್ಟನ್ನು ಟೀಕಿಸುವಾಗ ಬಯಲು ಎಲ್ಲಿ ಹೋಯಿತೆಂಬುದನ್ನೂ ಜೊತೆಗೆ ಹೇಳಬೇಕಾಗುತ್ತದೆ.

ಸಂಜೆ ಹೊರಡುವಾಗ ಅಕ್ಕನ ಮಗ ಕರವಸ್ತ್ರ ಮರೆತು ಕುದುರೆಯ ಮೂಗು ಸವರುತ್ತಿದ್ದ.

ನಾಲ್ಕನೆಯ ದಿನ, ಭಾನುವಾರ: ಪಾರ್ಕಿನಲ್ಲಿ

ಫೇರ್‌ಮೌಂಟ್ ಪಾರ್ಕಿನೊಳಗೆ ಸವಾರರು ಸ್ಪೀಡ್‌ವೇ ಎಂದು ಕರೆಯುವ ಉದ್ದನೆಯ ನೇರ ಪಟ್ಟಿಯಿದೆ. ಭಾನುವಾರ ಮಧ್ಯಾಹ್ನ ಲಾಯಗಳಿಂದ ಸವಾರರು ಹೊರಟು, ಮನೆಗಳ ಸಾಲು ದಾಟಿ, ಸಿಗ್ನಲ್ಲಿನಲ್ಲಿ ಕಾರುಗಳ ನಡುವೆ ನಿಂತು, ಅಲ್ಲಿಗೆ ಸೇರಿದರು. ಸಿಗ್ನಲ್ಲಿನ ಆ ಒಂದು ನಿಮಿಷವೇ ನನಗೆ ಓಟಕ್ಕಿಂತ ಹೆಚ್ಚು ಹಿಡಿಸಿತು. ಬಸ್ಸಿನ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಕುದುರೆಯ ಹೆಸರು ಹಿಡಿದು ಕರೆದ. ಮೂರನೆಯ ಮಹಡಿಯಿಂದ ಒಬ್ಬ ಹೆಂಗಸು ಸವಾರನನ್ನು, ನಿಮ್ಮಮ್ಮನ ಮಂಡಿ ನೋವು ಹೇಗಿದೆಯೆಂದು ವಿಚಾರಿಸಿದಳು. ಅವನು ಲಗಾಮು ಒಂದು ಕೈಗೆ ತೆಗೆದುಕೊಂಡು, ದೀಪ ಹಸಿರಾಗುವ ತನಕ ಉತ್ತರ ಹೇಳಿದ. ಕುದುರೆಯ ಮೇಲೆ ಕುಳಿತವನ ತಲೆ ಮೊದಲ ಮಹಡಿಯ ಕಿಟಕಿಯ ಹತ್ತಿರ ಬರುತ್ತದೆ, ಕಾರಿನವನ ಹಾಗೆ ಅವನಿಗೆ ಗಾಜು ಏರಿಸಿಕೊಳ್ಳಲು ಬರುವುದಿಲ್ಲ. ಕೇರಿಗೆಲ್ಲ ಅವನು ಗೊತ್ತು, ಕೇರಿಯೆಲ್ಲ ಅವನಿಗೆ ಗೊತ್ತು. ಅಪರಿಚಿತನೊಬ್ಬ ಇದೇ ರಸ್ತೆಯಲ್ಲಿ ಕಾರಿನಲ್ಲಿ ಹೋದರೆ ಅವನಿಗೆ ಕಾಣಿಸುವುದು ಪಾಳು ಮನೆಗಳ ಲೆಕ್ಕ ಮಾತ್ರ.

ಓಟವೂ ನಡೆಯಿತು. ಇಬ್ಬಿಬ್ಬರಾಗಿ ನಾಗಾಲೋಟದಲ್ಲಿ ಬಿಟ್ಟರು, ಯಾರು ಗೆದ್ದರೆಂಬುದರ ಬಗ್ಗೆ ಓಟಕ್ಕಿಂತ ದೀರ್ಘವಾದ ವಾಗ್ವಾದ ನಡೆಯಿತು. ಜೀನು ಹಾಕದೆ ಬರಿಬೆನ್ನಿನ ಮೇಲೆ ಕುಳಿತ ಹುಡುಗಿಯೊಬ್ಬಳು ಎಲ್ಲರನ್ನೂ ಹಿಂದೆ ಹಾಕಿ, ವಾಗ್ವಾದಕ್ಕೆ ಅವಕಾಶವೇ ಇಲ್ಲದಂತೆ ಮಾಡಿದಳು.

ನದಿಯಾಚೆ, ಪಾರ್ಕಿನ ಪಶ್ಚಿಮ ಭಾಗದ ಶಮೊನಿ ಲಾಯದಲ್ಲಿ ನಡೆಯುವ 'ವರ್ಕ್ ಟು ರೈಡ್' ಇನ್ನೊಂದು ಬಗೆಯದು. ಲೆಸ್ಲಿ ಹೈನರ್ ಅವರು 1994ರಲ್ಲಿ ಆರಂಭಿಸಿದ ಇದರಲ್ಲಿ ಬಡ ಕುಟುಂಬದ ಮಕ್ಕಳು ಲಾಯದ ಕೆಲಸ ಮಾಡಿ ಅದಕ್ಕೆ ಬದಲಾಗಿ ಸವಾರಿ ಕಲಿಯುತ್ತಾರೆ, ಶಾಲೆಯ ಅಂಕಗಳನ್ನೂ ಕಾಯ್ದುಕೊಳ್ಳಬೇಕಾಗುತ್ತದೆ. ಈ ಮಕ್ಕಳು ಕಲಿತದ್ದು ಪೋಲೊ, ಅಂದರೆ ನಮ್ಮಲ್ಲಿ ಮಹಾರಾಜರೂ ಸೇನಾಧಿಕಾರಿಗಳೂ ಆಡುತ್ತಿದ್ದ ಆಟ. 2011ರಲ್ಲಿ ಕರೀಮ್ ರಾಸರ್ ನಾಯಕತ್ವದ ತಂಡ ಅಂತರಶಾಲಾ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆಟಗಾರರೆಲ್ಲ ಕಪ್ಪು ಹುಡುಗರೇ ಆಗಿದ್ದ ತಂಡವೊಂದು ಆ ಪ್ರಶಸ್ತಿ ಪಡೆದದ್ದು ಅದೇ ಮೊದಲು. ಇಲ್ಲಿಯ ಲಾಯ ಪಾರ್ಕಿನೊಳಗಿರುವುದರಿಂದ ಮಕ್ಕಳಿಗೆ ಬಯಲಿನ ಕೊರತೆಯಿಲ್ಲ. ಕುದುರೆ, ಮಕ್ಕಳು, ಸಲಿಕೆ ಎರಡೂ ಕಡೆ ಒಂದೇ. ನೆಲದ ಸ್ಥಿತಿ ಮಾತ್ರ ಬೇರೆ.

ಸ್ಪೀಡ್‌ವೇಯಲ್ಲಿ ಮಾತಿಗೆ ಸಿಕ್ಕ ಹಿರಿಯ ಸವಾರರೊಬ್ಬರು ಕ್ಯಾಲಿಫೋರ್ನಿಯದ ಕಾಂಪ್ಟನ್ನಿನ ಕಡೆ ಕೈ ತೋರಿಸುವವರಂತೆ ಪಶ್ಚಿಮಕ್ಕೆ ತಿರುಗಿ, ಅಲ್ಲಿಯವರಿಗೆ ಕಾಗದವಿದೆ, ನಮಗಿಲ್ಲ ಎಂದರು. ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್ 1888ರಲ್ಲಿ ಪಟ್ಟಣವಾದಾಗ, ನೆಲ ಕೊಟ್ಟ ಗ್ರಿಫಿತ್ ಕಾಂಪ್ಟನ್ ಒಂದು ಭಾಗ ಬೇಸಾಯಕ್ಕೇ ಇರಬೇಕೆಂದು ಷರತ್ತು ಹಾಕಿದ್ದ. ಆ ಭಾಗವೇ ಈಗಿನ ರಿಚ್‌ಲ್ಯಾಂಡ್ ಫಾರ್ಮ್ಸ್. ಕಪ್ಪು ಜನರಿಗೆ ಮನೆ ಮಾರಬಾರದೆಂಬ ನಿಬಂಧನೆಗಳನ್ನು ನ್ಯಾಯಾಲಯಗಳು ಜಾರಿ ಮಾಡಬಾರದೆಂದು 1948ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಅಲ್ಲಿ ಕಪ್ಪು ಕುಟುಂಬಗಳು ನೆಲ ಕೊಂಡವು, ಹಿತ್ತಿಲಲ್ಲಿ ಕುದುರೆ ಕಟ್ಟಿದವು. ಮೇಷಾ ಅಕ್ಬರ್ 1988ರಲ್ಲಿ ಅಲ್ಲಿ ಮಕ್ಕಳಿಗೆಂದು 'ಕಾಂಪ್ಟನ್ ಜೂನಿಯರ್ ಪಾಸಿ' ಎಂಬ ಸವಾರಿ ಕೂಟ ಆರಂಭಿಸಿದರು. ಅದರ ನೆರಳಲ್ಲಿ ಬೆಳೆದವರೇ ಮುಂದೆ 'ಕಾಂಪ್ಟನ್ ಕೌಬಾಯ್ಸ್' ಎಂಬ ಸವಾರರ ಗುಂಪಾದರು. ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ, 2020ರ ಜೂನ್‌ನಲ್ಲಿ, ಅವರು ಕುದುರೆಗಳ ಮೇಲೆ ಪ್ರತಿಭಟನೆಯ ಮುಂದೆ ನಡೆದ ದೃಶ್ಯವನ್ನು ನಮ್ಮ ಟಿ.ವಿ.ಗಳಲ್ಲೂ ತೋರಿಸಿದ್ದ ನೆನಪು. ಒಬ್ಬ ಬಿಳಿಯ ಜಮೀನ್ದಾರ ತನ್ನ ಕಾಲದ ಬೇಸಾಯಗಾರರನ್ನು ನೆನೆದು ಬರೆಸಿದ ಒಂದು ಷರತ್ತು, ಅವನು ಕನಸಿನಲ್ಲೂ ಎಣಿಸಿರದ ಜನರ ಕುದುರೆಗಳನ್ನು ಕಾಯುತ್ತಿದೆ.

ಐದನೆಯ ದಿನ, ಸೋಮವಾರ: ನ್ಯೂ ಹಾಲೆಂಡ್

ಫಿಲಡೆಲ್ಫಿಯದಿಂದ ಪಶ್ಚಿಮಕ್ಕೆ ಸುಮಾರು 60 ಮೈಲಿ, ಲ್ಯಾಂಕಾಸ್ಟರ್ ಜಿಲ್ಲೆಯ ನ್ಯೂ ಹಾಲೆಂಡಿನಲ್ಲಿ ಸೋಮವಾರ ಕುದುರೆ ಹರಾಜು. ಫ್ಲೆಚರ್ ಸ್ಟ್ರೀಟಿನ ಎಷ್ಟೋ ಕುದುರೆಗಳು ಬಂದದ್ದು ಇಲ್ಲಿಂದಲೇ. ಅಕ್ಕನ ಮಗ ರಜೆ ಹಾಕಿ ಜೊತೆಗೆ ಬಂದ. ಮೋಟಾರು ಬೇಡವೆನ್ನುವ ಆಮಿಶ್ ರೈತರ ಸೀಮೆ ಇದು. ಕಪ್ಪು ಬಗ್ಗಿಗಳು ಸಾಲಾಗಿ ನಿಂತಿದ್ದವು. ಒಳಗೆ ಕಿರಿದಾದ ಅಂಕಣದಲ್ಲಿ ಹಿಂಭಾಗಕ್ಕೆ ನಂಬರು ಚೀಟಿ ಅಂಟಿಸಿದ ಕುದುರೆಗಳನ್ನು ಒಂದೊಂದಾಗಿ ಓಡಿಸಿಕೊಂಡು ಬರುತ್ತಿದ್ದರು, ಹರಾಜುಗಾರನ ಮಾತು ಉಸಿರಿಲ್ಲದ ಮಂತ್ರದಂತೆ ಸಾಗುತ್ತಿತ್ತು. ಓಡಿ ದಣಿದ ರೇಸಿನ ಕುದುರೆ, ಉಳುವ ವಯಸ್ಸು ಮುಗಿದ ಭಾರಿ ಕುದುರೆ, ಮಕ್ಕಳು ದೊಡ್ಡವರಾದ ಮೇಲೆ ಬೇಡವಾದ ತಟ್ಟು ಎಲ್ಲವೂ ಒಂದೇ ಬಾಗಿಲಿನಿಂದ ಬರುತ್ತವೆ. ಕೊಳ್ಳುವವರಲ್ಲಿ ಕಸಾಯಿಖಾನೆಗೆ ತೂಕದ ಲೆಕ್ಕದಲ್ಲಿ ಕೊಳ್ಳುವವರೂ ಇರುತ್ತಾರೆ. ಅಮೆರಿಕದಲ್ಲಿ ಕುದುರೆ ಕಡಿಯುವ ಕೊನೆಯ ಕಾರ್ಖಾನೆಗಳು 2007ರಲ್ಲಿ ಮುಚ್ಚಿದವು. ಆಮೇಲೆ ಕಸಾಯಿಖಾನೆಯ ಕುದುರೆಗಳು ಟ್ರಕ್ಕಿನಲ್ಲಿ ಕೆನಡಾ, ಮೆಕ್ಸಿಕೊ ಕಡೆಗೇ ಹೋದವು.

ಹೀಗೆ ನಗರದ ಇಕ್ಕಟ್ಟಾದ ಲಾಯಕ್ಕೆ ಬರುವ ಕುದುರೆಗೆ ಎದುರಿದ್ದ ಇನ್ನೊಂದು ದಾರಿ ಯಾವಾಗಲೂ ಹಸಿರು ಹುಲ್ಲುಗಾವಲೇ ಆಗಿರುವುದಿಲ್ಲ. ಶನಿವಾರ ನಾನು ಮನಸ್ಸಿನಲ್ಲಿ ಮಾಡಿಕೊಂಡಿದ್ದ ತೀರ್ಪನ್ನು ಅರ್ಧಕ್ಕೆ ಇಳಿಸಿಕೊಳ್ಳಬೇಕಾಯಿತು. ಎರಡು ಗಂಟೆಯ ಮೇಲೆ ನನಗೆ ಅಲ್ಲಿ ಕೂರಲಾಗಲಿಲ್ಲ. ಒಣಹುಲ್ಲಿನ ಧೂಳಿಗೆ ಸೀನು ಹತ್ತಿತೆಂದು ನೆಪ ಹೇಳಿ ಎದ್ದೆ. ಅಕ್ಕನ ಮಗ ನೆಪವನ್ನು ನಂಬಿದವನಂತೆ ಕಾರು ತೆಗೆದ.

ಆರನೆಯ ದಿನ, ಮಂಗಳವಾರ: ನ್ಯೂಯಾರ್ಕ್, ಕ್ವೀನ್ಸ್

ನ್ಯೂಯಾರ್ಕಿನ 'ಎ' ಮಾರ್ಗದ ನಗರ ರೈಲು ಬ್ರೂಕ್ಲಿನ್ ದಾಟಿ ಕ್ವೀನ್ಸ್ ಸೇರುವ ಕಡೆ ಇಳಿದು ನಡೆದೆ. ನಗರದ ಈ ಎರಡು ವಿಭಾಗಗಳ ಗಡಿಯಲ್ಲಿ ಜನ 'ದಿ ಹೋಲ್' ಎಂದು ಕರೆಯುವ ತಗ್ಗು ಪ್ರದೇಶವಿದೆ. ರೂಬಿ, ಎಮೆರಾಲ್ಡ್, ಆಂಬರ್ ಎಂದು ರತ್ನಗಳ ಹೆಸರಿಟ್ಟ ಬೀದಿಗಳು ಸುತ್ತಲಿನ ರಸ್ತೆಗಳಿಗಿಂತ ಕೆಳಗಿವೆ. ಒಳಚರಂಡಿ ಸಂಪರ್ಕ ಸರಿಯಾಗಿಲ್ಲದ ಕಾರಣ ಮಳೆ ನಿಂತು ದಿನವಾದರೂ ನೀರು ನಿಂತಿರುತ್ತದೆ. ಯಾರಿಗೂ ಬೇಡವಾಗಿದ್ದ ಈ ತಗ್ಗಿನಲ್ಲೂ ಒಂದು ಕಾಲಕ್ಕೆ ಲಾಯಗಳಿದ್ದವು. 1994ರಲ್ಲಿ ಸ್ಥಾಪನೆಯಾದ 'ಫೆಡರೇಶನ್ ಆಫ್ ಬ್ಲ್ಯಾಕ್ ಕೌಬಾಯ್ಸ್' ಅಲ್ಲಿಂದ ದೂರವಿಲ್ಲದ ಹೊವರ್ಡ್ ಬೀಚಿನಲ್ಲಿ, ನಗರದ ಉದ್ಯಾನ ಇಲಾಖೆಗೆ ಸೇರಿದ ಸೀಡರ್ ಲೇನ್ ಲಾಯವನ್ನು ನಡೆಸುತ್ತಿತ್ತು. ಮಕ್ಕಳಿಗೆ ಬಿಲ್ ಪಿಕೆಟ್ ಮುಂತಾದ ಕಪ್ಪು ಕೌಬಾಯ್‌ಗಳ ಕಥೆ ಹೇಳಿ ಕುದುರೆ ಹತ್ತಿಸುತ್ತಿದ್ದರು. ಕಳೆದ ದಶಕದಲ್ಲಿ ಅವರ ಗುತ್ತಿಗೆ ಮುಗಿಯಿತು. ಈಗ ಅಲ್ಲಿ ಗ್ಯಾಲಪ್ ಎನ್‌ವೈಸಿ ಎಂಬ ಸಂಸ್ಥೆ ಅಂಗವೈಕಲ್ಯವಿರುವವರಿಗೆ ಚಿಕಿತ್ಸಕ ಸವಾರಿ ಕಲಿಸುತ್ತದೆ.

ನಾನು ಹೋದಾಗ ಪಾಠ ನಡೆಯುತ್ತಿತ್ತು. ಗಾಲಿಕುರ್ಚಿಯಿಂದ ಎತ್ತಿ ಕುದುರೆಯ ಮೇಲೆ ಕೂರಿಸಿದ ಮಗುವಿನ ಎರಡು ಬದಿಗೂ ಒಬ್ಬೊಬ್ಬರು ನಡೆಯುತ್ತಿದ್ದರು. ಮಗು ಎರಡು ಕೈಯಲ್ಲೂ ಕೇಸರ ಹಿಡಿದಿತ್ತು. ಈ ಕೆಲಸಕ್ಕೆ ಜಾಗ ಕೊಡಬಾರದಿತ್ತೆಂದು ಯಾರಿಗೆ ಹೇಳಲು ಬಾಯಿ ಬರುತ್ತದೆ? ಫ್ಲೆಚರ್ ಸ್ಟ್ರೀಟಿನ ಎದುರಿನ ವೃದ್ಧರ ಮನೆಗಳ ವಿಷಯದಲ್ಲೂ ಹೀಗೇ ಆಗಿತ್ತು.

ಬೇಲಿಯ ಹೊರಗೆ, ಅಗಲ ಟೋಪಿಯ ಒಬ್ಬ ಕಪ್ಪು ಹಿರಿಯರು ನನ್ನ ಹಾಗೆಯೇ ನೋಡುತ್ತ ನಿಂತಿದ್ದರು. ನಮಸ್ಕಾರ ಹೇಳಿ ಮಾತಿಗೆಳೆದೆ. ಹದಿನಾಲ್ಕು ವರ್ಷ ತಮ್ಮ ಕುದುರೆ ಇಲ್ಲೇ ಇತ್ತೆಂದರು. ಅದರ ಬಣ್ಣ, ಅದರ ಹಟ, ಗುಡುಗಿಗೆ ಹೆದರದಿದ್ದರೂ ಪ್ಲಾಸ್ಟಿಕ್ ಚೀಲಕ್ಕೆ ಬೆಚ್ಚುತ್ತಿದ್ದ ಅದರ ಸ್ವಭಾವ ಎಲ್ಲ ಹೇಳಿದರು. ನಲ್ಲಿ ಮೊದಲು ಆ ಮೂಲೆಯಲ್ಲಿತ್ತು, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆಂದು ನಾವೇ ಈಚೆಗೆ ತಂದೆವು ಎಂದರು. ಅದು ನಿಲ್ಲುತ್ತಿದ್ದ ಅಂಕಣ ಯಾವುದೆಂದು ಕೇಳಿದೆ. ಅವರು ಕೈಯೆತ್ತಿ ತೋರಿಸಲು ಹೊರಟಾಗ ಕೆನಡಿ ವಿಮಾನ ನಿಲ್ದಾಣಕ್ಕೆ ಇಳಿಯುತ್ತಿದ್ದ ವಿಮಾನವೊಂದು ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ಒಳಗಿದ್ದ ಕುದುರೆ ಕಿವಿಯನ್ನೂ ಅಲುಗಿಸಲಿಲ್ಲ. ಸದ್ದು ಕರಗುವ ತನಕ ಹಿರಿಯರು ಎತ್ತಿದ ಕೈಯನ್ನು ಹಾಗೆಯೇ ಹಿಡಿದು ಕಾದರು. ಆಮೇಲೆ ಎಡಗಡೆಯಿಂದ ಎಣಿಸಿ, ಮೂರನೆಯದು ಎಂದರು.